ಅಂಗಳದ ಬಣ್ಣದ ಜೇಡ: ಹೆಸರಿಗಿಂತ ಮೊದಲು ಆಧಾರ

ಮಳೆಗಾಲ ಮುಗಿಯುವ ಹೊತ್ತಿಗೆ ಮನೆಯ ಬೇಲಿ, ದಾಸವಾಳದ ಗಿಡ, ಕಾಂಪೌಂಡಿನ ಮೂಲೆಗಳಲ್ಲಿ ಹಳದಿ ಪಟ್ಟೆಯ ಜೇಡವೊಂದು ದುಂಡನೆಯ ಬಲೆಯ ನಡುವೆ ಕುಳಿತಿರುವುದನ್ನು ಮಕ್ಕಳು ನೋಡಿರುತ್ತಾರೆ. "ಇದು ಯಾವ ಜೇಡ? ವಿಷ ಇದೆಯಾ?" ಎಂದು ತರಗತಿಯಲ್ಲಿ ಕೇಳುತ್ತಾರೆ. ಪ್ರಶಿಕ್ಷಣಾರ್ಥಿಯು ತಕ್ಷಣ ಹೆಸರು ಹೇಳಿಬಿಟ್ಟರೆ ಪಾಠ ಅಲ್ಲಿಗೇ ಮುಗಿಯುತ್ತದೆ. ಹೆಸರಿಗೆ ಆಧಾರ ಹುಡುಕಿಸಿದರೆ ಅದು ವಿಜ್ಞಾನದ ಪಾಠವಾಗುತ್ತದೆ.

ಗುರುತಿಸುವ ಕ್ರಮ

1. ಬಲೆ: ಚಕ್ರದ ಆಕಾರವಿದೆಯೇ? ನಡುವಿನಲ್ಲಿ ದಪ್ಪ ಬಿಳಿ ನೂಲಿನ ಅಂಕುಡೊಂಕು ಗೆರೆಗಳಿವೆಯೇ? ಈ ಗೆರೆಗಳಿಂದಲೇ ಇದಕ್ಕೆ ಇಂಗ್ಲಿಷಿನಲ್ಲಿ 'ಸಿಗ್ನೇಚರ್ ಸ್ಪೈಡರ್', ಅಂದರೆ ಸಹಿ ಹಾಕುವ ಜೇಡ ಎಂಬ ಹೆಸರು.

2. ಭಂಗಿ: ತಲೆ ಕೆಳಗೆ ಮಾಡಿ, ಕಾಲುಗಳನ್ನು ಎರಡೆರಡಾಗಿ ಜೋಡಿಸಿ ಗುಣಿಸುವ ಚಿಹ್ನೆಯಂತೆ ಚಾಚಿರುತ್ತದೆ.

3. ಬಣ್ಣ: ಉದರದ ಮೇಲೆ ಹಳದಿ, ಕಂದು ಅಡ್ಡಪಟ್ಟೆಗಳು; ಮುಂಭಾಗದಲ್ಲಿ ಬೆಳ್ಳಿಯ ಹೊಳಪು.

ಬಣ್ಣವನ್ನು ಕೊನೆಗೆ ಇಟ್ಟಿರುವುದಕ್ಕೆ ಕಾರಣವಿದೆ. ಮಲೆನಾಡಿನ ದೈತ್ಯ ಮರಜೇಡದಲ್ಲೂ ಕಪ್ಪು ಹಳದಿ ಬಣ್ಣಗಳಿವೆ. ಆದರೆ ಅದರ ಬಲೆಗೆ ಹೊನ್ನಿನ ಛಾಯೆ ಇರುತ್ತದೆ, ಈ 'ಸಹಿ' ಇರುವುದಿಲ್ಲ. ಮೂರೂ ಲಕ್ಷಣಗಳು ಕೂಡಿದರೆ ನಮ್ಮ ಜೇಡ ಆರ್ಜಿಯೋಪ್ ಎಂಬ ಜೀನಸ್ಸಿಗೆ ಸೇರಿದ್ದು. ನಮ್ಮಲ್ಲಿ ಇದರ ಒಂದಕ್ಕಿಂತ ಹೆಚ್ಚು ಪ್ರಭೇದಗಳಿವೆ. ಅವು ನೋಡಲು ಒಂದೇ ತೆರನಾಗಿರುವುದರಿಂದ ಖಚಿತವಾಗಿ ಬೇರ್ಪಡಿಸಲು ಸೂಕ್ಷ್ಮದರ್ಶಕ ಬೇಕಾಗುತ್ತದೆ. ತರಗತಿಯಲ್ಲಿ ಜೀನಸ್ಸಿಗೇ ನಿಲ್ಲಿಸುವುದು ಸರಿ. ಕಂಡ ಆಧಾರ ಎಲ್ಲಿಯವರೆಗೋ ಹೆಸರೂ ಅಲ್ಲಿಯವರೆಗೆ.

"ನಾಲ್ಕೇ ಕಾಲು!"

ವೀಕ್ಷಣೆಯಲ್ಲಿ ಯಾರಾದರೊಬ್ಬ ವಿದ್ಯಾರ್ಥಿ ಹೀಗೆ ಹೇಳುವ ಸಾಧ್ಯತೆ ಹೆಚ್ಚು. "ತಪ್ಪು, ಎಂಟು" ಎಂದು ತಿದ್ದಬೇಡಿ. ಜೋಡಿಸಿದ ಕಾಲುಗಳು ದೂರಕ್ಕೆ ನಾಲ್ಕಾಗಿಯೇ ಕಾಣುತ್ತವೆ. ಮಗು ಕಂಡದ್ದನ್ನೇ ಹೇಳಿದೆ. "ಪ್ರತಿ ಕಾಲಿನ ತುದಿಯನ್ನು ನೋಡು" ಎನ್ನಿ. ತಾನೇ ಎಂಟನ್ನು ಎಣಿಸಿದ ಮಗು 'ಜೇಡರ ಹುಳು' ಎಂಬ ಹೆಸರಿದ್ದರೂ ಆರು ಕಾಲಿನ ಕೀಟಗಳ ಗುಂಪಿಗೆ ಇದು ಸೇರದು ಎಂಬುದನ್ನು ಮರೆಯುವುದಿಲ್ಲ. ಕಣ್ಣಿಗೆ ಕಂಡದ್ದನ್ನು ಅಳಿಸಿ ಪುಸ್ತಕದ ಸಂಖ್ಯೆ ಬರೆಯಿಸಿದರೆ, ನೋಡುವುದೇ ವ್ಯರ್ಥವೆಂದು ಮಗು ಕಲಿಯುತ್ತದೆ.

ವಿಷದ ಪ್ರಶ್ನೆ

ಇದಕ್ಕೆ ನೇರ ಉತ್ತರ ಕೊಡಿ. ಬೇಟೆಯನ್ನು ನಿಶ್ಚಲಗೊಳಿಸುವ ವಿಷ ಇದಕ್ಕಿದೆ. ಮನುಷ್ಯರಿಗೆ ಇದು ಅಪಾಯಕಾರಿಯಲ್ಲ. ಹಿಡಿದು ಒತ್ತಿದರೆ ಕಚ್ಚಬಹುದು. ಆದ್ದರಿಂದ ಒಂದು ಮಾರು ದೂರ ನಿಂತು ನೋಡುವುದು, ಬಲೆ ಮುಟ್ಟದಿರುವುದು ನಿಯಮವಾಗಲಿ. ಪೊರಕೆಗೆ ಬಲಿಯಾಗುತ್ತಿದ್ದ ಜೇಡವೂ ಉಳಿಯುತ್ತದೆ.

ಮೌಲ್ಯಮಾಪನ

ಹೆಸರಿಗೆ ಅಂಕ ಬೇಡ. ಮೂರು ದಿನ ಅದೇ ಬಲೆಯ ಚಿತ್ರ ಬರೆದು, ಏನು ಬದಲಾಯಿತೆಂದು ದಾಖಲಿಸಲಿ. ಬಿಳಿ ಗೆರೆಗಳು ಏತಕ್ಕೆಂದು ಊಹಿಸಲಿ: ಕೀಟಗಳನ್ನು ಸೆಳೆಯಲೋ, ಹಕ್ಕಿಗಳಿಗೆ ಬಲೆ ಕಾಣಲೆಂದೋ? ವಿಜ್ಞಾನಿಗಳಲ್ಲೂ ಈ ಚರ್ಚೆ ಮುಗಿದಿಲ್ಲ ಎಂಬುದನ್ನು ಆಮೇಲೆ ತಿಳಿಸಿ.