ಎಳೆಯರಿಗೆ ಕೂಡುವ ಲೆಕ್ಕ

ಪುಣೆ ಜಿಲ್ಲೆಯ ರಾಂಜಣಗಾಂವವು ಅಷ್ಟವಿನಾಯಕ ಕ್ಷೇತ್ರಗಳಲ್ಲೊಂದು. ಇಂದು ಕೈಗಾರಿಕಾ ಕೇಂದ್ರವೂ ಹೌದು. ಇಲ್ಲಿ ನೆಲೆಸುವ ಕನ್ನಡ ಪಾಲಕರು, ಮರಾಠಿ ಶಾಲೆಗೆ ಹೋಗುವ ಮಗುವಿಗೆ ಗೊಂದಲವಾದೀತೆಂದು ಕನ್ನಡದ ಎಣಿಕೆಯನ್ನು ಕೈಬಿಡಬೇಕಾಗಿಲ್ಲ. ಮರಾಠಿಯ ‘ಏಕವೀಸ’ದಲ್ಲಿ ಬಿಡಿ ಮೊದಲು, ಹತ್ತು ಅನಂತರ. ಈ ತೊಡಕನ್ನು ನೀಗಲೆಂದೇ ಬಾಲಭಾರತಿಯು 2019ರಲ್ಲಿ ಎರಡನೆಯ ತರಗತಿಯ ಗಣಿತ ಪುಸ್ತಕಕ್ಕೆ ‘ವೀಸ ಏಕ’ ಎಂಬ ಕ್ರಮವನ್ನು ತಂದಿತು. ಕನ್ನಡದ ‘ಇಪ್ಪತ್ತೊಂದು’ ಮೊದಲಿನಿಂದಲೂ ಹಾಗೆಯೇ ಇದೆ.

ಎಂಟು ಹುಣಸೆಬೀಜಗಳ ಪಕ್ಕದಲ್ಲಿ ಐದನ್ನಿಡಿರಿ. ಐದರಿಂದ ಎರಡನ್ನು ಎಂಟಕ್ಕೆ ಸೇರಿಸಿದರೆ ಹತ್ತು, ಉಳಿದವು ಮೂರು. ಹತ್ತೂ ಮೂರೂ ಹದಿಮೂರು: ಉತ್ತರವು ಹೆಸರಿನಲ್ಲಿಯೇ ಅಡಗಿದೆ. ಒಂದರಿಂದ ಒಂಬತ್ತರವರೆಗಿನ ಕೂಡಿಕೆಗಳು 81. 3+8, 8+3 ಒಂದೇ ಎಂದು ಮಗು ಅರಿತರೆ ಕಲಿಯಬೇಕಾದವು 45 ಮಾತ್ರ. ದಿನಕ್ಕೆ ಹತ್ತು ನಿಮಿಷ ಸಾಕು, ಗದರಿಕೆ ಸಲ್ಲದು. ಅಂಜಿದ ಮನಸ್ಸು ತಿಳಿದುದನ್ನೂ ಮರೆಯುತ್ತದೆ.