ಹೇಳಿದ ಕಥೆ ಕಣ್ಣೆದುರು ಬಂದಾಗ

ಜಾತ್ರೆಯೆಂದರೆ ನಾಟಕ ಎಂಬ ನಂಟು ಕೊಪ್ಪಳ ಸೀಮೆಯಲ್ಲಿ ಇಂದು ನಿನ್ನೆಯದಲ್ಲ. ಗವಿಮಠದ ಜಾತ್ರೆಯಿರಲಿ, ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳ ಉತ್ಸವವಿರಲಿ, ತೇರು ಎಳೆದ ಮೇಲೆ ಜನರು ಕೇಳುವ ಮೊದಲ ಪ್ರಶ್ನೆ ‘ಆಟ ಯಾವುದು?’ ಎಂಬುದೇ. ಬಯಲಿನಲ್ಲಿ ಅಟ್ಟ ಕಟ್ಟಿ ಬೆಳಗಿನ ಜಾವದವರೆಗೆ ನಡೆಯುವ ದೊಡ್ಡಾಟ, ತಗಡಿನ ಥಿಯೇಟರಿನಲ್ಲಿ ಬೀಡುಬಿಟ್ಟ ಕಂಪನಿ ನಾಟಕ, ಪರದೆಯ ಹಿಂದಿನ ದೀಪದಲ್ಲಿ ಕುಣಿಯುವ ತೊಗಲುಗೊಂಬೆ, ಹೀಗೆ ಇಲ್ಲಿನ ಜನರ ಇರುಳುಗಳನ್ನು ಬೆಳಗಿದ ಕಲೆಗಳು ಹಲವು. ಕೊಪ್ಪಳ ತಾಲ್ಲೂಕಿನ ಮೋರನಾಳ ಗ್ರಾಮದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಗೌರವ ಸಂದಾಗ, ತೊಂಬತ್ತು ದಾಟಿದ ಆ ಹಿರಿಯ ಜೀವದೊಂದಿಗೆ ಈ ನೆಲದ ಆಟದ ಪರಂಪರೆಯೂ ದೆಹಲಿಯವರೆಗೆ ಹೋಗಿ ಬಂದಿತು.

ಆದರೆ ಈ ಎಲ್ಲ ಆಟಗಳಲ್ಲಿಯೂ ಒಂದು ಸಂಗತಿ ಸಮಾನವಾಗಿದೆ. ಕಥೆ ಅಟ್ಟದ ಮೇಲಿರುವವರದು. ಕೆಳಗೆ ಕುಳಿತವರದು ನೋಡುವ ಕೆಲಸ ಮಾತ್ರ. ಪಾಂಡವರು ಅಳುತ್ತಾರೆ, ನಾವೂ ಅಳುತ್ತೇವೆ. ಚಾಪೆ ಸುತ್ತಿಕೊಂಡು ಮನೆಗೆ ಹೋಗುವಾಗ ನಮ್ಮ ಅಳು ನಮ್ಮೊಳಗೇ ಉಳಿದಿರುತ್ತದೆ. ಉತ್ತರ ಕರ್ನಾಟಕದ ಸಣ್ಣಾಟಗಳಲ್ಲಿ ಅತ್ಯಂತ ಜನಪ್ರಿಯವಾದ ‘ಸಂಗ್ಯಾ ಬಾಳ್ಯಾ’ ಬೈಲಹೊಂಗಲ ಸೀಮೆಯಲ್ಲಿ ನಿಜವಾಗಿ ನಡೆದ ಕೊಲೆಯೊಂದನ್ನು ಆಧರಿಸಿದ್ದೆಂಬುದು ಪ್ರತೀತಿ. ನೆರೆಮನೆಯ ದುರಂತವೇ ನಾಟಕವಾದ ಅಪರೂಪದ ನಿದರ್ಶನ ಅದು. ಆದರೂ ಅಲ್ಲಿ ಗಂಗಿ ಆಡುವ ಮಾತುಗಳನ್ನು ಬರೆದವರು ಬೇರೆಯವರು. ಅವಳೇ ಮುಂದಿನ ಸಾಲಿನಲ್ಲಿ ಕುಳಿತಿದ್ದರೆ ಏನು ಹೇಳುತ್ತಿದ್ದಳು ಎಂದು ಕೇಳಿದವರಿಲ್ಲ.

ಈ ಪ್ರಶ್ನೆಯನ್ನೇ ಕೇಳುವ ಒಂದು ರಂಗಪದ್ಧತಿ ಇದೆ. ಪ್ರೇಕ್ಷಕರು ತಮ್ಮ ಬದುಕಿನ ಕಥೆಯನ್ನು ಹೇಳುತ್ತಾರೆ. ನಟರು ಅದನ್ನು ಆ ಕ್ಷಣದಲ್ಲಿಯೇ, ಬರೆದ ಸಂಭಾಷಣೆಯಿಲ್ಲದೆ, ಅಭಿನಯಿಸಿ ತೋರಿಸುತ್ತಾರೆ. ಇದಕ್ಕೆ ‘ಪ್ಲೇಬ್ಯಾಕ್ ಥಿಯೇಟರ್’ ಎಂದು ಹೆಸರು.

ಹುಟ್ಟಿದ ಬಗೆ

1975ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಕಣಿವೆಯಲ್ಲಿ ಜೊನಾಥನ್ ಫಾಕ್ಸ್ ಮತ್ತು ಜೋ ಸಾಲಸ್ ಎಂಬಿಬ್ಬರು ತಮ್ಮ ಸಂಗಡಿಗರೊಂದಿಗೆ ಈ ಪದ್ಧತಿಯನ್ನು ರೂಪಿಸಿದರು. ಫಾಕ್ಸ್ ಅವರು ಅದಕ್ಕೆ ಮುನ್ನ ನೇಪಾಳದ ಹಳ್ಳಿಯಲ್ಲಿ ಸ್ವಯಂಸೇವಕರಾಗಿದ್ದವರು. ಬರಹವಿಲ್ಲದೆಯೂ ಬಾಯಿಂದ ಬಾಯಿಗೆ ಸಾಗುವ ಕಥೆ ಒಂದು ಊರನ್ನು ಹೇಗೆ ಹಿಡಿದಿಡುತ್ತದೆ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದರು.

ಅದೇ 1975ರಲ್ಲಿ ನಮ್ಮ ಬೆಂಗಳೂರಿನಲ್ಲಿ ‘ಸಮುದಾಯ’ ಹುಟ್ಟಿತು ಎಂಬುದು ಕುತೂಹಲಕರ ಸಂಗತಿ. ಬಿಹಾರದ ಬೆಲ್ಚಿ ಗ್ರಾಮದಲ್ಲಿ 1977ರಲ್ಲಿ ನಡೆದ ದಲಿತರ ಹತ್ಯೆಯನ್ನು ಕುರಿತು ಸಿ.ಜಿ. ಕೃಷ್ಣಸ್ವಾಮಿಯವರು ನಿರ್ದೇಶಿಸಿದ ‘ಬೆಲ್ಚಿ’ ಬೀದಿ ನಾಟಕವು ರಂಗಮಂದಿರವನ್ನು ತೊರೆದು ಜನರಿದ್ದಲ್ಲಿಗೆ ನಡೆಯಿತು. 1979ರ ಜಾಥಾದಲ್ಲಿ ‘ಸಮುದಾಯ’ದ ಕಲಾವಿದರು ನಾಡಿನ ಊರೂರುಗಳಲ್ಲಿ ಆಡಿದರು. ಕನ್ನಡ ರಂಗಭೂಮಿಯನ್ನು ಬೀದಿಗಿಳಿಸಿದ ಕೀರ್ತಿ ಆ ಚಳವಳಿಗೆ ಸಲ್ಲಬೇಕು. ಆದರೂ ಬೀದಿ ನಾಟಕದಲ್ಲಿ ಹೇಳಬೇಕಾದ ಮಾತು ಮೊದಲೇ ಸಿದ್ಧವಾಗಿರುತ್ತಿತ್ತು. ಪ್ಲೇಬ್ಯಾಕ್ ರಂಗದ ನಟರಾದರೋ ಖಾಲಿ ಕೈಯಲ್ಲಿ ಬರುತ್ತಾರೆ. ಊರು ಮಾತಾಡುವವರೆಗೆ ಅವರ ಬಳಿ ನಾಟಕವೇ ಇರುವುದಿಲ್ಲ.

ಭಾರತದಲ್ಲಿಯೂ ಈ ಬಗೆಯ ರಂಗ ಬೇರೂರಿದೆ. ಬೆಂಗಳೂರಿನಲ್ಲಿ 2003ರಲ್ಲಿ ರಂಜಿ ಡೇವಿಡ್ ಅವರು ಆರಂಭಿಸಿದ ‘ಯುವರ್ಸ್ ಟ್ರೂಲಿ ಥಿಯೇಟರ್’ ಪ್ರೇಕ್ಷಕರನ್ನು ಒಳಗೊಳ್ಳುವ ನಾಟಕಗಳಿಗೆ ಹೆಸರಾಗಿದೆ. ಆದರೆ ಈ ರಂಗಕ್ಕೆ ನಗರದ ಸಭಾಂಗಣಕ್ಕಿಂತ ಹಳ್ಳಿಯ ಕಟ್ಟೆ ಹೆಚ್ಚು ಒಪ್ಪುತ್ತದೆ ಎಂದರೆ ತಪ್ಪಾಗಲಾರದು.

ಆಟದ ಕ್ರಮ

ಇದರ ರಚನೆ ಬಹಳ ಸರಳ. ನಾಲ್ಕೈದು ಮಂದಿ ನಟರು, ಒಬ್ಬ ವಾದ್ಯಗಾರ, ಕೆಲವು ಬಣ್ಣದ ಬಟ್ಟೆಯ ತುಂಡುಗಳು, ಕೂರಲು ಒಂದೆರಡು ಪೆಟ್ಟಿಗೆ. ಒಂದು ಬದಿಗೆ ಎರಡು ಕುರ್ಚಿಗಳು: ಒಂದರಲ್ಲಿ ನಿರ್ವಾಹಕ, ಇನ್ನೊಂದು ಕಥೆ ಹೇಳುವವರಿಗೆ. ಆರಂಭದಲ್ಲಿ ನಿರ್ವಾಹಕ ಸಣ್ಣ ಪ್ರಶ್ನೆಗಳನ್ನು ಕೇಳುತ್ತಾನೆ: ‘ಇವತ್ತು ಇಲ್ಲಿಗೆ ಬರುವಾಗ ಮನಸ್ಸು ಹೇಗಿತ್ತು?’ ಯಾರೋ ‘ದಣಿವು’ ಎನ್ನುತ್ತಾರೆ. ನಟರು ಒಂದು ನಿಮಿಷದಲ್ಲಿ ಆ ದಣಿವನ್ನು ಮೈಯಿಂದ, ದನಿಯಿಂದ ಆಡಿ ತೋರಿಸುತ್ತಾರೆ. ಜನರ ಸಂಕೋಚ ಕರಗುತ್ತದೆ. ಆಮೇಲೆಯೇ ಕುರ್ಚಿಗೆ ಆಹ್ವಾನ.

ನಮ್ಮ ನೆಲಕ್ಕೆ ಹೊಂದುವ ಒಂದು ಪ್ರಸಂಗವನ್ನು ಊಹಿಸಿಕೊಳ್ಳೋಣ. ತುಂಗಭದ್ರೆಯ ಎಡದಂಡೆ ಕಾಲುವೆ ಗಂಗಾವತಿಯನ್ನು ಭತ್ತದ ಕಣಜವನ್ನಾಗಿಸಿತು. ಮಳೆಯನ್ನೇ ನೆಚ್ಚಿದ ಕುಷ್ಟಗಿ, ಯಲಬುರ್ಗಾ ಸೀಮೆಯಿಂದ ಜನರು ಮಂಗಳೂರು, ಗೋವಾ, ಬೆಂಗಳೂರುಗಳಿಗೆ ಗುಳೆ ಹೋಗುತ್ತಾ ಬಂದಿದ್ದಾರೆ. ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯ ಬೇವಿನ ಮರದ ಕೆಳಗೆ, ಹಾಗೆ ಗುಳೆ ಹೋಗಿ ಮರಳಿದ ತಾಯಿಯೊಬ್ಬಳು ಆ ಕುರ್ಚಿಯಲ್ಲಿ ಬಂದು ಕುಳಿತಿದ್ದಾಳೆ ಎನ್ನಿ. ಮಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗುವಾಗ ಮಗಳನ್ನು ಅಜ್ಜಿಯ ಬಳಿ ಬಿಟ್ಟಿದ್ದಳು. ಎರಡು ವರ್ಷದ ಮೇಲೆ ಬಂದಾಗ ಮಗು ಅಜ್ಜಿಯನ್ನು ‘ಅವ್ವ’ ಎಂದು ಕರೆಯುತ್ತಿತ್ತು. ಇವಳನ್ನು ‘ಅಕ್ಕ’ ಎಂದಿತು.

ನಿರ್ವಾಹಕ ಕೇಳುತ್ತಾನೆ: ‘ಆಗ ನಿಮ್ಮ ಕೈಯಲ್ಲಿ ಏನಿತ್ತು?’ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳುತ್ತಾಳೆ: ‘ಫ್ರಾಕ್ ಇತ್ತು. ಬಿಟ್ಟು ಹೋದಾಗಿನ ಅಳತೆಗೆ ತಂದಿದ್ದೆ. ಅದು ಮಗುವಿಗೆ ಸಣ್ಣದಾಯಿತು.’

ಇನ್ನು ಆಕೆಯೇ ನಟರಲ್ಲಿ ಆರಿಸಬೇಕು: ತಾನು ಯಾರು, ಮಗಳು ಯಾರು, ಅಜ್ಜಿ ಯಾರು ಎಂದು. ಇಡೀ ಪದ್ಧತಿಯ ಹೃದಯ ಇಲ್ಲಿಯೇ ಇದೆ. ಬದುಕಿನಲ್ಲಿ ಮೇಸ್ತ್ರಿಯೂ ಸಾಲಗಾರನೂ ಮಳೆಯೂ ಆಕೆಗೆ ಪಾತ್ರ ಹಂಚಿದ್ದವು. ಇಲ್ಲಿ ಪಾತ್ರ ಹಂಚುವವಳು ಆಕೆ. ‘ನೋಡೋಣ’ ಎಂದು ನಿರ್ವಾಹಕ ಹೇಳುತ್ತಿದ್ದಂತೆ ವಾದ್ಯದ ದನಿ ಏಳುತ್ತದೆ. ನಟರು ತಮ್ಮತಮ್ಮಲ್ಲಿ ಸಮಾಲೋಚಿಸುವುದಿಲ್ಲ, ನೇರವಾಗಿ ಆಡುತ್ತಾರೆ. ಒಬ್ಬ ನಟ ಬಸ್ಸಾಗುತ್ತಾನೆ, ಇನ್ನೊಬ್ಬಳು ಬಣ್ಣದ ಬಟ್ಟೆಯ ತುಂಡನ್ನು ಫ್ರಾಕಿನಂತೆ ಎದೆಗೊತ್ತಿಕೊಳ್ಳುತ್ತಾಳೆ. ಐದಾರು ನಿಮಿಷದಲ್ಲಿ ಆಟ ಮುಗಿಯುತ್ತದೆ. ಮುಗಿದೊಡನೆ ನಟರೆಲ್ಲ ಸಭೆಯತ್ತ ಅಲ್ಲ, ಆ ತಾಯಿಯತ್ತ ತಿರುಗಿ ನಿಲ್ಲುತ್ತಾರೆ. ‘ಹೀಗೆಯೇ ಇತ್ತೆ?’ ಎಂದು ನಿರ್ವಾಹಕ ಕೇಳುತ್ತಾನೆ. ಆಕೆ ‘ಇಲ್ಲ, ನಾನು ಅತ್ತಿರಲಿಲ್ಲ. ಎಲ್ಲರೂ ನಕ್ಕರು, ನಾನೂ ನಕ್ಕೆ’ ಎಂದರೆ ಆ ಮಾತೇ ಅಂತಿಮ. ನಟನ ಪ್ರತಿಭೆಗಿಂತ ಹೇಳಿದವರ ಸತ್ಯ ದೊಡ್ಡದು.

ಮುಂದೆ ಏನಾಗುತ್ತದೆ? ಹಿಂದಿನ ಸಾಲಿನಿಂದ ಅಜ್ಜಿಯೊಬ್ಬಳು ಎದ್ದು, ಪರರ ಮಕ್ಕಳನ್ನು ಸಾಕಿ ಮರಳಿ ಒಪ್ಪಿಸುವ ಸಂಕಟವನ್ನು ಹೇಳಬಹುದು. ಒಂದು ಕಥೆಗೆ ಇನ್ನೊಂದು ಕಥೆ ಉತ್ತರವಾಗುತ್ತದೆ, ಭಾಷಣ ಉತ್ತರವಾಗುವುದಿಲ್ಲ. ಕಥೆಯಿಂದ ಕಥೆಗೆ ಹಾಯುವ ಈ ಸಂಬಂಧವನ್ನು ಪ್ಲೇಬ್ಯಾಕ್ ರಂಗದವರು ‘ಕೆಂಪು ಎಳೆ’ ಎಂದು ಕರೆಯುತ್ತಾರೆ. ತನ್ನೊಬ್ಬಳದೇ ನಾಚಿಕೆ ಎಂದು ಅಡಗಿಸಿಟ್ಟಿದ್ದು ಓಣಿಯ ಅರ್ಧದಷ್ಟು ಮನೆಗಳ ಕಥೆ ಎಂಬ ಅರಿವು ಆ ತಾಯಿಗೆ ಉಂಟಾದರೆ, ಅದು ಸಣ್ಣ ಲಾಭವೇನೂ ಅಲ್ಲ.

ನೋಡುವವರು ಎದ್ದು ನಿಂತಾಗ

ಇದರ ಸೋದರ ಪದ್ಧತಿ ‘ಫೋರಂ ಥಿಯೇಟರ್’. ಇದರ ಪ್ರವರ್ತಕ ಬ್ರೆಜಿಲ್‌ನ ಆಗಸ್ಟೊ ಬೋಆಲ್ (1931–2009). ತಮ್ಮ ನಾಡಿನ ಶಿಕ್ಷಣತಜ್ಞ ಪಾವ್ಲೊ ಫ್ರೇರೆಯವರ ವಿಚಾರಗಳಿಂದ ಪ್ರಭಾವಿತರಾದ ಇವರು 1971ರಲ್ಲಿ ಸೈನಿಕ ಸರ್ಕಾರದ ಸೆರೆವಾಸ ಅನುಭವಿಸಿ ದೇಶಭ್ರಷ್ಟರಾದರು. 1973ರಲ್ಲಿ ಪೆರು ದೇಶದ ಸಾಕ್ಷರತಾ ಕಾರ್ಯದಲ್ಲಿದ್ದಾಗ ನಡೆದ ಒಂದು ಪ್ರಸಂಗವನ್ನು ಅವರು ದಾಖಲಿಸಿದ್ದಾರೆ. ಓದು ಬಾರದ ಮಹಿಳೆಯೊಬ್ಬಳಿಗೆ ಗಂಡನು ಕೆಲವು ಕಾಗದಗಳನ್ನು ಕೊಟ್ಟು, ಇವು ಮುಖ್ಯವಾದ ದಾಖಲೆಗಳು, ಜೋಪಾನವಾಗಿಡು ಎಂದಿದ್ದ. ನೆರೆಯವಳಿಂದ ಓದಿಸಿದಾಗ ತಿಳಿಯಿತು: ಅವು ಅವನ ಪ್ರೇಯಸಿಯ ಪತ್ರಗಳು. ಇರುಳು ಗಂಡ ಮನೆಗೆ ಬಂದಾಗ ಏನು ಮಾಡಬೇಕು? ಸಭೆ ಒಂದೊಂದಾಗಿ ಸಲಹೆ ಕೊಟ್ಟಿತು, ನಟರು ಒಂದೊಂದನ್ನೂ ಆಡಿದರು. ಗಟ್ಟಿಮುಟ್ಟಾದ ಮಹಿಳೆಯೊಬ್ಬಳಿಗೆ ಮಾತ್ರ ಯಾವುದೂ ಒಪ್ಪಿಗೆಯಾಗಲಿಲ್ಲ. ಎಷ್ಟು ಸಲ ಆಡಿದರೂ ‘ಇದಲ್ಲ’ ಎಂದಳು. ಕೊನೆಗೆ ಬೋಆಲ್ ಆಕೆಯನ್ನೇ ವೇದಿಕೆಗೆ ಕರೆದರು. ಆಕೆ ಪೊರಕೆ ಹಿಡಿದು ಗಂಡನ ಪಾತ್ರಧಾರಿಗೆ ಚೆನ್ನಾಗಿ ಬಾರಿಸಿ, ಆಮೇಲೆ ಊಟಕ್ಕೆ ಬಡಿಸೆಂದು ಹೇಳಿದಳು! ಪ್ರೇಕ್ಷಕನ ಮಾತನ್ನು ನಟ ಅನುವಾದಿಸುವುದಕ್ಕಿಂತ ಪ್ರೇಕ್ಷಕನೇ ನಟನಾಗುವುದು ಲೇಸು ಎಂಬ ಪಾಠವನ್ನು ತಮಗೆ ಕಲಿಸಿದವಳು ಆಕೆ ಎಂದು ಬೋಆಲ್ ಒಪ್ಪಿಕೊಂಡಿದ್ದಾರೆ.

ಮುಂದೆ ಅವರು 1993ರಿಂದ 1996ರವರೆಗೆ ರಿಯೋ ನಗರಸಭೆಯ ಸದಸ್ಯರಾಗಿದ್ದಾಗ ಇಂತಹ ಆಟಗಳಿಂದ ಮೂಡಿದ ಸಲಹೆಗಳನ್ನೇ ಮಸೂದೆಗಳನ್ನಾಗಿಸಿದರು. ಅವುಗಳಲ್ಲಿ 13 ಕಾನೂನುಗಳಾದವು. ನಮ್ಮ ದೇಶದಲ್ಲಿ ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ 1985ರಿಂದ ದುಡಿಯುತ್ತಿರುವ ಸಂಜಯ್ ಗಂಗೂಲಿಯವರ ‘ಜನ ಸಂಸ್ಕೃತಿ’ ಇದೇ ಹಾದಿಯದು.

ನಮ್ಮ ಮುಂದಿರುವ ಪ್ರಶ್ನೆ

ಇದು ಬರಿಯ ಮನರಂಜನೆಯ ವಿಷಯವೇ? ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ 2021ರ ಸೆಪ್ಟೆಂಬರಿನಲ್ಲಿ ದಲಿತ ಕುಟುಂಬದ ಪುಟ್ಟ ಬಾಲಕನೊಬ್ಬ ಆಂಜನೇಯನ ಗುಡಿಯೊಳಗೆ ಓಡಿಹೋದ. ಗುಡಿಯ ಶುದ್ಧೀಕರಣಕ್ಕೆಂದು ಆ ಕುಟುಂಬದಿಂದ 25,000 ರೂಪಾಯಿ ಕೇಳಲಾಯಿತು. ಅಧಿಕಾರಿಗಳು ಧಾವಿಸಿದರು, ಬಂಧನಗಳಾದವು. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟಿನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಕ್ಷೌರದ ಅಂಗಡಿಯಲ್ಲೂ ಹೋಟೆಲಿನಲ್ಲೂ ಪ್ರವೇಶ ನಿರಾಕರಿಸುವ ಪದ್ಧತಿ ಆ ಕಲಹದ ಹಿನ್ನೆಲೆಯಲ್ಲಿತ್ತು. ಹತ್ತು ವರ್ಷಗಳ ಬಳಿಕ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಪ್ರಕರಣ ಮೇಲ್ಮನವಿಯಾಗಿ ಹೈಕೋರ್ಟಿಗೆ ಹೋಯಿತು.

ಕಾನೂನು ಮಾಡಬೇಕಾದ ಕೆಲಸವನ್ನು ಯಾವ ನಾಟಕವೂ ಮಾಡಲಾರದು. ಆದರೆ ಸಾಕ್ಷಿಕಟ್ಟೆಯಲ್ಲಿ ನಿಂತವರು ಕೇಳಿದ್ದಕ್ಕಷ್ಟೇ ಉತ್ತರಿಸಬೇಕು. ಆ ದಿನ ಗುಡಿಯ ಮುಂದೆ ಮೌನವಾಗಿ ನಿಂತಿದ್ದವರು ಏನು ಮಾಡಬಹುದಿತ್ತು ಎಂದು ನ್ಯಾಯಾಲಯ ಕೇಳುವುದಿಲ್ಲ. ಫೋರಂ ರಂಗ ಕೇಳುವುದು ಅದನ್ನೇ. ಹೆಸರು, ಊರು ಬದಲಿಸಿದ ಅಂತಹದೊಂದು ಘಟನೆಯನ್ನು ಆಡಿ, ಮತ್ತೊಮ್ಮೆ ಆಡುವಾಗ ‘ನಿಲ್ಲಿಸಿ’ ಎನ್ನುವ ಅಧಿಕಾರವನ್ನು ಸಭೆಗೆ ಕೊಟ್ಟರೆ, ಒಬ್ಬ ಶಿಕ್ಷಕನೋ, ಹಾಲು ಮಾರುವವಳೋ, ಕಾಲೇಜಿನ ಹುಡುಗನೋ ಎದ್ದು ಬಂದು ಆ ಮೌನಿಯ ಪಾತ್ರವನ್ನು ವಹಿಸಿಕೊಂಡು ಒಂದು ಮಾತು ಆಡಿ ನೋಡಬಹುದು. ಆಟದಲ್ಲಿ ಒಮ್ಮೆ ಆಡಿದ ಮಾತು ಬದುಕಿನಲ್ಲಿ ಆಡಲು ಸ್ವಲ್ಪ ಸುಲಭವಾಗುತ್ತದೆ.

ಎಚ್ಚರಿಕೆಯ ಮಾತು

ಇಲ್ಲಿ ಎಚ್ಚರಿಕೆಯೂ ಅಗತ್ಯ. ತಂಡವು ಸಂಜೆಯ ಕೊನೆಯ ಬಸ್ಸಿಗೆ ಹೊರಟುಹೋಗುತ್ತದೆ. ಕಥೆ ಹೇಳಿದವಳು ಅದೇ ಓಣಿಯಲ್ಲಿ ಉಳಿಯುತ್ತಾಳೆ. ಸಾಲ ಕೊಟ್ಟವನು ಸಭೆಯಲ್ಲಿ ಕುಳಿತಿರುವಾಗ ಸಾಲದ ಕಥೆ ಹೇಳಿಸುವುದು ಸಾಹಸವಲ್ಲ, ಅವಿವೇಕ. ಕರ್ನಾಟಕದಲ್ಲಿ ದೇವದಾಸಿ ಅರ್ಪಣೆಯನ್ನು ನಿಷೇಧಿಸುವ ಕಾನೂನು 1982ರಲ್ಲಿಯೇ ರೂಪುಗೊಂಡಿತ್ತು. ಆ ಪದ್ಧತಿಯ ಗಾಯ ಹೊತ್ತ ತಾಯಂದಿರು ಈ ಜಿಲ್ಲೆಯಲ್ಲಿಯೂ ಇದ್ದಾರೆ. ಅವರ ನೋವನ್ನು ಎಲ್ಲರೆದುರು ಬಿಚ್ಚಿಸಿ ಚಪ್ಪಾಳೆ ಗಿಟ್ಟಿಸುವುದು ಮತ್ತೊಂದು ಶೋಷಣೆಯೇ ಸರಿ. ಅಂತಹ ಕಡೆ ಮಹಿಳೆಯರದೇ ಚಿಕ್ಕ ಕೂಟ ಸಾಕು. ಹೇಳುವುದೂ ಹೇಳದಿರುವುದೂ ಅವರ ಇಚ್ಛೆ. ಮೊಬೈಲಿನಲ್ಲಿ ಚಿತ್ರೀಕರಿಸುವುದನ್ನು ಮೊದಲೇ ನಿಷೇಧಿಸಬೇಕು. ಒಬ್ಬರ ಕಣ್ಣೀರು ಊರೂರಿನ ಪರದೆಗಳಲ್ಲಿ ಓಡಾಡಬಾರದು. ಭಾರವಾದ ಕಥೆ ಹೇಳಿದವರ ಮನೆಗೆ ಮರುದಿನ ಹೋಗಿ ಮಾತಾಡಿಸುವ ಸ್ಥಳೀಯರೊಬ್ಬರು ತಂಡದಲ್ಲಿ ಇರಲೇಬೇಕು.

ಇನ್ನೊಂದು ಅಪಾಯವೂ ಇದೆ. ಯೋಜನೆಗಳ ಪ್ರಚಾರಕ್ಕೆಂದು ಆಡಿಸುವ ಬೀದಿ ನಾಟಕಗಳಲ್ಲಿ ಕೊನೆಯ ಮಾತು ಮೊದಲೇ ನಿಗದಿಯಾಗಿರುತ್ತದೆ: ಶೌಚಾಲಯ ಕಟ್ಟಿಸಿ, ಮಕ್ಕಳನ್ನು ಶಾಲೆಗೆ ಕಳುಹಿಸಿ. ಮಾತು ಒಳ್ಳೆಯದೇ. ಆದರೆ ಶೌಚಾಲಯಕ್ಕೆ ನೀರೆಲ್ಲಿಂದ ಎಂದು ಎದ್ದು ಕೇಳುವವರಿಗೆ ಅಲ್ಲಿ ಎಡೆಯಿಲ್ಲ. ಜನರ ಕಥೆಯನ್ನು ಕೇಳಲು ಹೊರಟವರು, ತಮಗೆ ಹಿತವಲ್ಲದ ಕಥೆಯನ್ನೂ ಕೇಳಲು ಸಿದ್ಧರಿರಬೇಕು.

ಬಳ್ಳಾರಿ ಧರ್ಮಪ್ರಾಂತ್ಯಕ್ಕೆ ಸೇರಿದ ಈ ಜಿಲ್ಲೆಯಲ್ಲಿ ನಮ್ಮ ಸಮುದಾಯ ಚಿಕ್ಕದು. ಆದರೂ ಯುವಜನರ ಕೂಟಗಳು, ಮಹಿಳಾ ಸಂಘಗಳು, ಶಾಲೆಗಳು ಇವೆ. ಹಬ್ಬಕ್ಕೊಂದು ನಾಟಕ ಆಡುವ ಉತ್ಸಾಹವೂ ಇದೆ. ಆ ಉತ್ಸಾಹದಲ್ಲಿ ಒಂದು ಸಂಜೆಯನ್ನು ಇದಕ್ಕೆ ಮೀಸಲಿಡಬಾರದೇಕೆ? ವೇದಿಕೆ ಬೇಡ, ವೇಷಭೂಷಣ ಬೇಡ, ಮೈಕೂ ಬೇಡ. ಯಾವ ಜಾತಿ, ಯಾವ ಮತ ಎಂದು ಕೇಳದೆ ನೆರೆಹೊರೆಯವರನ್ನು ಕರೆಯಬೇಕು. ಎರಡು ಕುರ್ಚಿ ಹಾಕಬೇಕು. ಮೊದಲ ಹತ್ತು ನಿಮಿಷ ಯಾರೂ ಏಳದೆ ಹೋಗಬಹುದು; ಕಾಯಬೇಕು. ಗುಳೆಯಿಂದ ಮರಳಿದ ಆ ತಾಯಿ ಎದ್ದು ಬಂದು ಕುಳಿತಾಗ, ‘ಆಗ ನಿಮ್ಮ ಕೈಯಲ್ಲಿ ಏನಿತ್ತು?’ ಎಂದು ಕೇಳಿ, ಉತ್ತರ ಬರುವವರೆಗೆ ಸುಮ್ಮನಿರುವಷ್ಟು ತಾಳ್ಮೆ ನಮ್ಮಲ್ಲಿದ್ದರೆ ಸಾಕು.