ವೆಲ್ಷ್‌ಪೂಲ್‌ನ ಕತ್ತಲಿಗೆ ಜಾಕೆಟ್ಟಿನಲ್ಲೇ ದೀಪ

ಊರಿನಲ್ಲಿ ಮಧ್ಯಾಹ್ನದ ಕಾಫಿಗೆ ಹಾಲು ಕಾಯಲು ಇಟ್ಟ ಹೊತ್ತಿಗೆ ಇಲ್ಲಿ ಪರ್ತ್‌ನಲ್ಲಿ ಕತ್ತಲಾಗಿರುತ್ತದೆ. ನಮ್ಮ ಗಡಿಯಾರ ಭಾರತಕ್ಕಿಂತ ಎರಡೂವರೆ ಗಂಟೆ ಮುಂದೆ. ಅದರ ಮೇಲೆ ಜೂನ್ ಎಂದರೆ ಇಲ್ಲಿ ನಡು ಚಳಿಗಾಲ. ಆ ತಿಂಗಳಲ್ಲಿ ಪರ್ತ್‌ನಲ್ಲಿ ಸಂಜೆ 5.20ರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಅಡಿಲೇಡ್‌ನಲ್ಲಿ 5.10, ಬ್ರಿಸ್ಬೇನ್‌ನಲ್ಲಂತೂ 5 ಗಂಟೆಗೇ ದೀಪ ಹಚ್ಚಬೇಕು. ಬೆಳಿಗ್ಗೆ ಇಲ್ಲಿ ಸೂರ್ಯ ಕಾಣುವುದು ಏಳೂಕಾಲಿಗೆ. ಹಾಗಾಗಿ ಕೆಲಸಕ್ಕೆ ಹೋಗುವುದೂ ಕತ್ತಲಲ್ಲಿ, ಬರುವುದೂ ಕತ್ತಲಲ್ಲಿ. ‘ಕತ್ತಲಲ್ಲಿ ಒಬ್ಬನೇ ನಡ್ಕೊಂಡ್ ಬರ್ತಿದೀಯೇನೋ?’ ಎಂದು ಊರಿನಿಂದ ಫೋನ್ ಮಾಡಿದ ಅಮ್ಮಂದಿರು ಕೇಳುವುದು ಈ ತಿಂಗಳುಗಳಲ್ಲೇ ಹೆಚ್ಚು.

ವೆಲ್ಷ್‌ಪೂಲ್ ಮನೆಗಳಿಗಿಂತ ಗೋದಾಮುಗಳ ಊರು. ಪರ್ತ್ ನಗರದ ಆಗ್ನೇಯಕ್ಕೆ, ಪಕ್ಕದ ಕ್ಯೂಡೇಲ್‌ನ ಸರಕು ಸಾಗಣೆ ನೆಲೆಗೆ ಹೊಂದಿಕೊಂಡಂತೆ, ಟ್ರಕ್ ರಿಪೇರಿ ಶೆಡ್‌ಗಳು, ಗಣಿ ಯಂತ್ರಗಳ ವರ್ಕ್‌ಶಾಪ್‌ಗಳು, ಉಗ್ರಾಣಗಳು ಇಲ್ಲಿವೆ. ನಮ್ಮ ಕಡೆಯ ಹುಡುಗರು ಅನೇಕರು ಇಂಥ ಕಡೆ ಪಾಳಿಯಲ್ಲಿ ದುಡಿಯುತ್ತಾರೆ. ಓದುತ್ತಲೇ ಅರೆಕಾಲಿಕ ಕೆಲಸ ಮಾಡುವವರು, ಮೆಕ್ಯಾನಿಕ್‌ಗಳು, ಇವರ ಸಂಬಳದ ಲೆಕ್ಕ ಬರೆಯುವ ನಮ್ಮಂಥವರು ಎಲ್ಲರೂ ಇದ್ದಾರೆ. ಹಗಲೆಲ್ಲ ಟ್ರಕ್ಕುಗಳ ಸದ್ದು. ಸಂಜೆ ಆರರ ನಂತರ ಬಸ್ ನಿಲ್ದಾಣಕ್ಕೆ ನಡೆಯುವವರನ್ನು ಬಿಟ್ಟರೆ ಕಾಲುದಾರಿಯಲ್ಲಿ ಯಾರೂ ಸಿಗುವುದಿಲ್ಲ.

ಕೆಲಸದ ಜಾಗದಲ್ಲಿ ಎಲ್ಲರೂ ‘ಹೈ-ವಿಸ್’ ಎಂಬ ಕಿತ್ತಳೆ ಅಥವಾ ಹಳದಿ ಅಂಗಿ ತೊಡುತ್ತಾರೆ. ಅದರ ಮೇಲಿನ ಬೆಳ್ಳಿ ಬಣ್ಣದ ಪಟ್ಟಿ ತಾನಾಗಿ ಬೆಳಗುವುದಿಲ್ಲ, ವಾಹನದ ಹೆಡ್‌ಲೈಟ್ ಬಿದ್ದರೆ ಮಾತ್ರ ಆ ಬೆಳಕನ್ನು ಬಂದ ದಿಕ್ಕಿಗೇ ತಿರುಗಿಸಿ ಕಳಿಸುತ್ತದೆ. ಹಿಮ್ಮುಖವಾಗಿ ಬರುವ ಗಾಡಿಗೆ, ದೀಪವಿಲ್ಲದ ಸೈಕಲ್ಲಿಗೆ ಅದು ಕಾಣಿಸದು. ಅದಕ್ಕಿಂತ ಮುಖ್ಯವಾಗಿ, ಪಾಳಿ ಮುಗಿದ ಕೂಡಲೇ ಹೈ-ವಿಸ್ ಬಿಚ್ಚಿ ಬ್ಯಾಗಿಗೆ ತುರುಕಿ, ಕಪ್ಪು ಜಾಕೆಟ್ ತೊಟ್ಟು ಹೊರಡುವುದೇ ನಮ್ಮವರ ರೂಢಿ. ಕಪ್ಪು ಜಾಕೆಟ್, ಕಪ್ಪು ಪ್ಯಾಂಟು, ಕತ್ತಲ ರಸ್ತೆ!

ಹೀಗಾಗಿ ಕಳೆದ ಚಳಿಗಾಲದ ಶನಿವಾರಗಳಂದು ನಾವು ನಾಲ್ಕೈದು ಮನೆಯವರು ಊಟದ ಮೇಜಿನ ಸುತ್ತ ಸೂಜಿ, ದಾರ, ಬ್ಯಾಟರಿ ಹಿಡಿದು ಕೂತೆವು. ಹಳೆಯ ಜಾಕೆಟ್ಟಿಗೆ ಪುಟ್ಟ ಎಲ್‌ಇಡಿ ದೀಪಗಳನ್ನು ಹೊಲಿಯುವುದು ನಮ್ಮ ಕೆಲಸ. ಬೆಸುಗೆ ಬೇಡ, ಎಂಜಿನಿಯರಿಂಗ್ ಪದವಿಯೂ ಬೇಡ. ನಮ್ಮಲ್ಲಿ ಹೆಚ್ಚಿನವರು ಬಿ.ಕಾಂ. ಓದಿದವರು, ಹೊಲಿಗೆ ಬಲ್ಲ ಹೆಂಗಸರೇ ಗುರುಗಳು.

ಇದು ಹೊಸ ವಿದ್ಯೆಯೇನಲ್ಲ. ಬಟ್ಟೆಯ ಮೇಲೆ ಹೊಲಿಯಬಹುದಾದ ‘ಲಿಲಿಪ್ಯಾಡ್’ ಎಂಬ ಎಲೆಕ್ಟ್ರಾನಿಕ್ ಬಿಲ್ಲೆಯನ್ನು ರೂಪಿಸಿದವರು ಅಮೆರಿಕದ ಲಿಯಾ ಬ್ಯೂಕ್ಲಿ. 2007ರಲ್ಲಿ ಅದು ಮಾರುಕಟ್ಟೆಗೆ ಬಂತು. ಎಡಕ್ಕೆ, ಬಲಕ್ಕೆ ತಿರುಗುವ ಸೂಚನೆ ಬೆನ್ನ ಮೇಲೆ ಮಿನುಗುವ ಸೈಕಲ್ ಸವಾರರ ಜಾಕೆಟ್ ಅವರ ಪ್ರಸಿದ್ಧ ಮಾದರಿ. ಅದಕ್ಕೂ ಒಂದು ವರ್ಷ ಮೊದಲು, 2006ರಲ್ಲಿ, ಆಸ್ಟ್ರೇಲಿಯಾದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒದ ರಿಚರ್ಡ್ ಹೆಲ್ಮರ್ ಮತ್ತು ಸಂಗಡಿಗರು ಜೀಲಾಂಗ್‌ನಲ್ಲಿ ಒಂದು ಅಂಗಿ ಮಾಡಿದ್ದರು. ಅದರ ಮೊಣಕೈ ಭಾಗದಲ್ಲಿ ಸೆನ್ಸರ್ ಇತ್ತು. ಅಂಗಿ ತೊಟ್ಟು ಗಾಳಿಯಲ್ಲಿ ಗಿಟಾರ್ ನುಡಿಸಿದಂತೆ ಕೈ ಆಡಿಸಿದರೆ ಕಂಪ್ಯೂಟರ್ ನಿಜವಾಗಿಯೂ ಗಿಟಾರ್ ನುಡಿಸುತ್ತಿತ್ತು.

ಆದರೆ ನಮ್ಮ ಮನಸ್ಸಿಗೆ ಹತ್ತಿರವಾದ ಕಥೆ ಇನ್ನೂ ಹಿಂದಿನದು, ಅದರ ದಾರ ನಮ್ಮ ದೇಶದ್ದು. 1997ರಲ್ಲಿ ಅಮೆರಿಕದ ಎಂಐಟಿಯಲ್ಲಿ ರೆಹ್ಮಿ ಪೋಸ್ಟ್ ಮತ್ತು ಮ್ಯಾಗಿ ಆರ್ತ್ ಎಂಬಿಬ್ಬರು ವಿದ್ಯುತ್ ಹರಿಯುವ ಬಟ್ಟೆಯ ಬಗ್ಗೆ ಪ್ರಬಂಧ ಬರೆದರು. ಅವರು ಬಳಸಿದ್ದು ರೇಷ್ಮೆಯ ಆರ್ಗಂಜಾ ಬಟ್ಟೆ. ಹಾಸು ಬರೀ ರೇಷ್ಮೆ, ಹೊಕ್ಕು ಮಾತ್ರ ತೆಳು ಲೋಹದ ತಗಡು ಸುತ್ತಿದ ರೇಷ್ಮೆ ಎಳೆ. ಭಾರತದಲ್ಲಿ ಕನಿಷ್ಠ ನೂರು ವರ್ಷಗಳಿಂದ ಇಂಥ ಬಟ್ಟೆ ನೇಯುತ್ತಿದ್ದಾರೆ ಎಂದು ಅವರೇ ಗುರುತಿಸಿದ್ದರು. ಹೊಕ್ಕಿನ ದಿಕ್ಕಿನಲ್ಲಿ ವಿದ್ಯುತ್ ಹರಿಯುತ್ತದೆ, ಹಾಸಿನ ದಿಕ್ಕಿನಲ್ಲಿ ಹರಿಯುವುದಿಲ್ಲ. ಅಂದರೆ ಬಟ್ಟೆಯೇ ಒಂದರ ಪಕ್ಕ ಒಂದು ಜೋಡಿಸಿಟ್ಟ ವೈರುಗಳ ಸಾಲು. ನಮ್ಮ ಅಜ್ಜಿಯರು ಮದುವೆಗೆ ಉಟ್ಟ ಜರಿಯೂ ಇದೇ ಜಾತಿಯದು.

ಇದನ್ನು ಓದಿದ ಮೇಲೆ ಸುಮ್ಮನಿರಲಾದೀತೆ? ಊರಿನಿಂದ ಬಂದಿದ್ದ ಅತ್ತೆಯವರ ಹಳೆಯ ಮೈಸೂರು ರೇಷ್ಮೆ ಸೀರೆಯ ಅಂಚಿಗೆ ಮಲ್ಟಿಮೀಟರಿನ ಎರಡು ಕಡ್ಡಿ ಮುಟ್ಟಿಸಿದೆವು. ‘ಏನು ಅಳಿಯಂದ್ರೇ, ಸೀರೆಗೂ ಬಿ.ಪಿ. ನೋಡ್ತೀರಾ?’ ಎಂದರು. ಮೀಟರು ‘ಬೀಪ್’ ಎಂದಿತು. ಒಂದು ಮೊಳ ದೂರ ಇಟ್ಟರೂ ಬೀಪ್. ಆಮೇಲೆ ಅತ್ತೆಯವರೇ ಬೀರುವಿನಲ್ಲಿದ್ದ ಸೀರೆಗಳನ್ನೆಲ್ಲ ಒಂದೊಂದಾಗಿ ತಂದು ಪರೀಕ್ಷೆಗೆ ಕೂರಿಸಿದರು. ಎರಡು ಸೀರೆ ಬಾಯಿ ಬಿಡಲಿಲ್ಲ. ‘ಆ ಅಂಗಡಿಯವನ ಮಾತು ಕೇಳಬಾರದಿತ್ತು’ ಎಂಬಷ್ಟಕ್ಕೆ ಆ ವಿಚಾರ ಮುಗಿಯಿತು.

1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಮೈಸೂರಿನಲ್ಲಿ ಸ್ಥಾಪಿಸಿದ ರೇಷ್ಮೆ ನೇಯ್ಗೆ ಕಾರ್ಖಾನೆ ಈಗ ಕೆಎಸ್‌ಐಸಿ ಕೈಯಲ್ಲಿದೆ. ಅದರ ಜರಿಯಲ್ಲಿ ಶೇ 65ರಷ್ಟು ಬೆಳ್ಳಿ, ಶೇ 0.65ರಷ್ಟು ಚಿನ್ನ ಇರುತ್ತದೆ. ವಿದ್ಯುತ್ ಹರಿಸುವುದರಲ್ಲಿ ಬೆಳ್ಳಿಯನ್ನು ಮೀರಿಸುವ ಲೋಹವಿಲ್ಲ. ಪ್ಲಾಸ್ಟಿಕ್ ಜರಿಯಲ್ಲಿ ಹೊಳಪು ಉಂಟು, ವಿದ್ಯುತ್ ಸಾಮಾನ್ಯವಾಗಿ ಹರಿಯದು. ಆದರೆ ಮೀಟರ್ ಕೂಗಿದ ಮಾತ್ರಕ್ಕೆ ಬೆಳ್ಳಿ ಎಂದು ಹಿಗ್ಗಬೇಡಿ. ತಾಮ್ರದ ಜರಿಯೂ ಕೂಗುತ್ತದೆ. ಲೋಹವೋ ಪ್ಲಾಸ್ಟಿಕ್ಕೋ ಎಂಬುದಷ್ಟೇ ಇದರಿಂದ ತಿಳಿಯುವುದು.

ಒಳ್ಳೆಯ ಸೀರೆಗೆ ಕತ್ತರಿ ಹಾಕಿ ಎನ್ನುವಷ್ಟು ಧೈರ್ಯ ನಮಗಿಲ್ಲ. ಮಡಿಕೆಯಲ್ಲಿ ಹರಿದ, ಹಳೆ ಜರಿ ಕೊಳ್ಳುವವರಿಗೆ ಹಾಕುವಂಥ ಸೀರೆಯ ಅಂಚು ಸಾಕು. ಅಂಚಿನ ಜರಿ ಎಳೆಗಳು ಒಂದಕ್ಕೊಂದು ತಾಗಿಕೊಂಡೇ ಇರುವುದರಿಂದ ಒಂದು ಅಂಚು ಎಂದರೆ ಒಂದು ವೈರು. ಜಾಕೆಟ್ಟಿನ ಬೆನ್ನಿನ ಮೇಲೆ ಎರಡು ಪಟ್ಟಿಗಳನ್ನು ಎರಡು ಬೆರಳು ಅಂತರ ಬಿಟ್ಟು ಅಡ್ಡಡ್ಡ ಹೊಲಿಯಬೇಕು. ಒಂದು ಪಟ್ಟಿ ಪ್ಲಸ್, ಇನ್ನೊಂದು ಮೈನಸ್. ಜರಿ ಸಿಗದವರು ಸ್ಟೀಲ್ ದಾರ ಅಥವಾ ಬೆಳ್ಳಿ ಲೇಪದ ನೈಲಾನ್ ದಾರ ತರಿಸಿ ಕೈಹೊಲಿಗೆ ಹಾಕಬಹುದು. ಬೆಳ್ಳಿ ಲೇಪ ಕಾಲಕ್ರಮೇಣ ಕಪ್ಪಾಗುತ್ತದೆ, ಸ್ಟೀಲ್ ಆಗುವುದಿಲ್ಲ. ಎಲೆಕ್ಟ್ರಾನಿಕ್ ಬಿಡಿ ಸಾಮಾನುಗಳಿಗೆ ಇಲ್ಲಿ ಜೇಕಾರ್, ಆಲ್ಟ್ರಾನಿಕ್ಸ್ ಅಂಗಡಿಗಳಿವೆ, ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಇದ್ದೇ ಇದೆ.

ದೀಪಗಳನ್ನು ಜೋಡಿಸುವಾಗ ನಮ್ಮ ಹಬ್ಬದ ‘ಸೀರಿಯಲ್ ಸೆಟ್’ ಮರೆಯಬೇಕು. ಹಳೆಯ ಸೀರಿಯಲ್ ಸೆಟ್ಟಿನಲ್ಲಿ ಒಂದು ಬಲ್ಬ್ ಹೋದರೆ ಸಾಲೇ ಆರುತ್ತಿತ್ತಲ್ಲ, ಹಾಗೆ ಒಂದರ ಹಿಂದೆ ಒಂದು ಜೋಡಿಸಬಾರದು. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಬೇಕು. ನಮ್ಮ ಬ್ಯಾಟರಿ ಕೊಡುವುದೇ 3 ವೋಲ್ಟ್. ಎರಡು ದೀಪ ಸಾಲಾಗಿ ಇಟ್ಟರೆ ಎರಡೂ ಉರಿಯವು. ಆದ್ದರಿಂದ ಏಣಿಯ ಮೆಟ್ಟಿಲಿನಂತೆ, ಪ್ರತಿ ದೀಪದ ಒಂದು ಕಾಲು ಮೇಲಿನ ಪಟ್ಟಿಗೆ, ಇನ್ನೊಂದು ಕೆಳಗಿನ ಪಟ್ಟಿಗೆ. ಉದ್ದ ಕಾಲು ಪ್ಲಸ್, ಗಿಡ್ಡ ಕಾಲು ಮೈನಸ್. ಇಕ್ಕಳದಿಂದ ಉದ್ದ ಕಾಲನ್ನು ದುಂಡಗೆ, ಗಿಡ್ಡದ್ದನ್ನು ಚೌಕವಾಗಿ ಸುತ್ತಿಟ್ಟರೆ ಗುಂಡಿ ಹೊಲಿದಂತೆ ಹೊಲಿಯಬಹುದು, ಯಾವುದು ಪ್ಲಸ್ ಎಂಬ ಗೊಂದಲವೂ ಇರದು. ಪ್ರತಿ ದೀಪದ ಜೊತೆ 220 ಓಮ್‌ನ ರೆಸಿಸ್ಟರ್ ಇರಲಿ. ಗಂಟು ಹಾಕಿದಲ್ಲೆಲ್ಲ ಒಂದು ತೊಟ್ಟು ನೈಲ್ ಪಾಲಿಶ್ ಹಚ್ಚಿದರೆ ಬಿಚ್ಚುವುದಿಲ್ಲ. ಸ್ವಿಚ್ಚಿಗೆ ಲೋಹದ ಟಿಚ್ ಬಟನ್ ಸಾಕು: ಒತ್ತಿದರೆ ದೀಪ, ಬಿಡಿಸಿದರೆ ಇಲ್ಲ.

ಇನ್ನು ಬ್ಯಾಟರಿ. ಈ ಬರಹದಲ್ಲಿ ಬೇರೇನು ಮರೆತರೂ ಇದನ್ನು ಮರೆಯಬೇಡಿ.

ಇಂಥ ಬಟ್ಟೆಗಳ ಬಗ್ಗೆ ಹೇಳಿಕೊಡುವವರು ಬಹುತೇಕ ಎಲ್ಲರೂ ಬಳಸುವುದು ಸಿಆರ್2032 ಎಂಬ ನಾಣ್ಯದಾಕಾರದ ಬ್ಯಾಟರಿ. 20 ಮಿಲಿಮೀಟರ್ ಅಗಲ, ಹಗುರ, ನೋಡಲು ಚೆಂದ. ಆದರೆ ಇದು ಚಿಕ್ಕ ಮಗುವಿನ ಬಾಯಿಗೆ ಸರಿಯಾಗಿ ಹೋಗುವ, ಅನ್ನನಾಳದಲ್ಲಿ ಸರಿಯಾಗಿ ಸಿಕ್ಕಿಕೊಳ್ಳುವ ಅಳತೆಯದು. ಬ್ಯಾಟರಿ ಒಡೆದು ರಸ ಸೋರಬೇಕೆಂದೇನಿಲ್ಲ. ಒಳಗಿನ ತೇವ ತಗುಲಿದರೆ ಸಾಕು, ವಿದ್ಯುತ್ ಹರಿದು ಅಲ್ಲೇ ಕ್ಷಾರ ಹುಟ್ಟಿ ಅನ್ನನಾಳವನ್ನು ಸುಡತೊಡಗುತ್ತದೆ. ಎರಡೇ ಗಂಟೆಯಲ್ಲಿ ತೀವ್ರ ಗಾಯವಾಗಬಹುದು. ದೀಪ ಉರಿಸಲಾಗದ ಹಳೆಯ ಬ್ಯಾಟರಿಯಲ್ಲೂ ಅಷ್ಟು ಶಕ್ತಿ ಉಳಿದಿರುತ್ತದೆ. ಆಸ್ಟ್ರೇಲಿಯಾದಲ್ಲಿ 2013, 2015 ಮತ್ತು 2020ರಲ್ಲಿ ಹೀಗೆ ಮೂವರು ಮಕ್ಕಳು ತೀರಿಕೊಂಡರು. ಅವರಲ್ಲಿ ಇಬ್ಬರು ಕ್ವೀನ್ಸ್‌ಲ್ಯಾಂಡ್‌ನವರು. ಆ ನಂತರ ಇಲ್ಲಿನ ಸರ್ಕಾರ ಕಡ್ಡಾಯ ನಿಯಮ ತಂದಿತು. 2022ರ ಜೂನ್ 22ರಿಂದ ಬಟನ್ ಬ್ಯಾಟರಿ ಇರುವ ವಸ್ತುವಿನ ಮುಚ್ಚಳ ಮಗುವಿನ ಕೈಗೆ ಸುಲಭವಾಗಿ ತೆರೆಯದಂತೆ ಇರಬೇಕು, ಎಚ್ಚರಿಕೆಯ ಬರಹವೂ ಇರಬೇಕು. ಮನೆಯಲ್ಲಿ ಹೊಲಿದ ಜಾಕೆಟ್ಟನ್ನು ಯಾವ ಅಧಿಕಾರಿಯೂ ಬಂದು ತಪಾಸಣೆ ಮಾಡುವುದಿಲ್ಲ, ನಾವೇ ಮಾಡಿಕೊಳ್ಳಬೇಕು.

ಅದಕ್ಕೇ ನಮ್ಮ ಮೇಜಿನ ಮೇಲೆ ನಾಣ್ಯದ ಬ್ಯಾಟರಿಗೆ ಪ್ರವೇಶವಿಲ್ಲ. ಎರಡು ಎಎಎ ಬ್ಯಾಟರಿ ಹಿಡಿಯುವ, ಸ್ಕ್ರೂ ಹಾಕುವ ಮುಚ್ಚಳದ ಪುಟ್ಟ ಡಬ್ಬಿ ಸಿಗುತ್ತದೆ. ಅದೂ 3 ವೋಲ್ಟೇ. ಜಾಕೆಟ್ಟಿನ ಒಳಜೇಬಿನಲ್ಲಿ ಅದು ಕೂರುತ್ತದೆ. ಸ್ವಲ್ಪ ದಪ್ಪ ಎಂದು ಕೆಲವರು ಗೊಣಗಿದರು. ಅವರಿಗೆ ನಾವು ಲೆಕ್ಕ ತೋರಿಸಿದೆವು, ಅದೇ ತಾನೇ ನಮ್ಮ ಕಸುಬು. ನಾಲ್ಕು ಕೆಂಪು ದೀಪಗಳಿಗೆ ಒಟ್ಟು 18 ಮಿಲಿಆಂಪ್ ಬೇಕು. ನಾಣ್ಯದ ಬ್ಯಾಟರಿಯ ದಾಸ್ತಾನು ಸುಮಾರು 220 ಮಿಲಿಆಂಪ್-ಗಂಟೆ. ಭಾಗಿಸಿದರೆ 12 ಗಂಟೆ. ವಾಸ್ತವದಲ್ಲಿ ಅದಕ್ಕಿಂತ ಕಡಿಮೆಯೇ, ಏಕೆಂದರೆ ಅಷ್ಟು ವೇಗವಾಗಿ ಖರ್ಚು ಮಾಡಲು ಅದು ಹುಟ್ಟಿದ್ದಲ್ಲ. ಎಎಎ ಆಲ್ಕಲೈನ್ ಬ್ಯಾಟರಿಯದು ಸುಮಾರು 1000. ಅಂದರೆ 55 ಗಂಟೆ. ದಿನಕ್ಕೊಂದು ಗಂಟೆ ನಡೆದರೂ ಚಳಿಗಾಲದ ಬಹುಪಾಲು ಕಳೆಯಿತು. ಸುರಕ್ಷತೆಗೆ ಒಪ್ಪದವರೂ ಈ ಉಳಿತಾಯಕ್ಕೆ ಒಪ್ಪಿದರು.

ಊರಿನಲ್ಲಿ ಇದನ್ನು ಓದುತ್ತಿರುವವರಿಗೂ ಒಂದು ಮಾತು. ಜಾತ್ರೆಯಲ್ಲಿ ಕೊಂಡ ಮಿನುಗುವ ಆಟಿಕೆ, ಹಾಡುವ ಗ್ರೀಟಿಂಗ್ ಕಾರ್ಡ್, ಕಾರಿನ ರಿಮೋಟ್ ಕೀ, ತೂಕದ ಯಂತ್ರ ಇವುಗಳಲ್ಲೆಲ್ಲ ಬಟನ್ ಬ್ಯಾಟರಿಗಳಿರುತ್ತವೆ. ರಜೆಗೆ ಮೊಮ್ಮಕ್ಕಳು ಬರುವ ಮುನ್ನ ಮುಚ್ಚಳಗಳನ್ನು ಒಮ್ಮೆ ನೋಡಿಬಿಡಿ. ಮಗು ನುಂಗಿದೆ ಎಂಬ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸುವ ಪ್ರಯತ್ನ ಬೇಡ, ಬೆಳಗಾಗಲಿ ಎಂದು ಕಾಯುವುದೂ ಬೇಡ. ನೇರ ದೊಡ್ಡ ಆಸ್ಪತ್ರೆಗೆ ಹೋಗಿ. ಆಸ್ಟ್ರೇಲಿಯಾದಲ್ಲಿ ಇರುವವರು ವಿಷ ಮಾಹಿತಿ ಕೇಂದ್ರದ 13 11 26 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು.

ಕಂಪನಿ ಕೊಟ್ಟ ಹೈ-ವಿಸ್ ಅಂಗಿಗೆ ಮಾತ್ರ ಸೂಜಿ ತಾಗಿಸಬಾರದು. ಅದರ ಬಣ್ಣ, ಪಟ್ಟಿ ಎಲ್ಲಕ್ಕೂ ಎಎಸ್/ಎನ್‌ಜೆಡ್‌ಎಸ್ 4602.1 ಎಂಬ ಮಾನದಂಡವಿದೆ. ಮೇಲೆ ಏನಾದರೂ ಹೊಲಿದರೆ ಅದು ಕೆಡುತ್ತದೆ. ಬೆಂಕಿ ಹೊತ್ತಿಕೊಳ್ಳುವ ಅನಿಲ, ದೂಳು ಇರುವ ಕಡೆ ಮನೆಯಲ್ಲಿ ಮಾಡಿದ ಯಾವ ವಿದ್ಯುತ್ ಸಾಧನವೂ ಸಲ್ಲದು. ನಮ್ಮ ಜಾಕೆಟ್ ಗೇಟಿನ ಹೊರಗೆ, ಬಸ್ಸಿನ ದಾರಿಗೆ. ದೀಪ ಇದೆ ಎಂದು ಹೊಳೆಯುವ ಪಟ್ಟಿ ಬಿಡುವುದೂ ಬೇಡ, ಎರಡೂ ಇರಲಿ. ಒಗೆಯುವಾಗ ಬ್ಯಾಟರಿ ಡಬ್ಬಿ ತೆಗೆದು, ತಣ್ಣೀರಿನಲ್ಲಿ ಕೈಯಲ್ಲೇ ಒಗೆದು, ಪೂರ್ತಿ ಒಣಗಿದ ಮೇಲೆ ಮತ್ತೆ ಹಾಕಬೇಕು. ಮಡಚುವಾಗ ಎರಡು ಪಟ್ಟಿ ಒಂದಕ್ಕೊಂದು ತಾಗಿದರೆ ಬ್ಯಾಟರಿ ಬಿಸಿಯಾಗುತ್ತದೆ. ಡಬ್ಬಿ ಬಿಚ್ಚಿಟ್ಟೇ ಮಡಚಿ.

ವಿಮಾನ ನಿಲ್ದಾಣಕ್ಕಂತೂ ಇದನ್ನು ತೊಟ್ಟು ಹೋಗಲೇಬೇಡಿ. 2007ರ ಸೆಪ್ಟೆಂಬರ್‌ನಲ್ಲಿ ಬೋಸ್ಟನ್‌ನ ಲೋಗನ್ ವಿಮಾನ ನಿಲ್ದಾಣಕ್ಕೆ ಎಂಐಟಿಯ ವಿದ್ಯಾರ್ಥಿನಿಯೊಬ್ಬಳು ಎದೆಯ ಮೇಲೆ ನಕ್ಷತ್ರಾಕಾರದ ಎಲ್‌ಇಡಿ, ಬ್ಯಾಟರಿ, ವೈರು ಇದ್ದ ಸ್ವೆಟ್‌ಶರ್ಟ್ ತೊಟ್ಟು ಹೋಗಿದ್ದಳು. ಬಂದೂಕು ಹಿಡಿದ ಪೊಲೀಸರು ಸುತ್ತುವರಿದು ಬಂಧಿಸಿದರು. ಅವಳ ಪಾಲಿಗೆ ಅದು ಕಲೆ, ಅವರ ಕಣ್ಣಿಗೆ ಬಾಂಬು. ವೀಸಾದ ಮೇಲೆ ಇರುವ ನಮ್ಮ ಹುಡುಗರಿಗೆ ಅಂಥ ವಿವರಣೆ ಕೊಡುವ ಸಂದರ್ಭ ಬಾರದಿರಲಿ. ಬೆಂಗಳೂರಿಗೆ ಹೊರಟಾಗ ಜಾಕೆಟ್ ಇಲ್ಲೇ ಗೂಟದ ಮೇಲಿರಲಿ.

ಈ ಜೂನ್‌ಗೆ ನಮ್ಮ ಗುಂಪಿನಲ್ಲಿ ಒಂಬತ್ತು ಜಾಕೆಟ್ ಸಿದ್ಧವಾಗಿವೆ. ಹೆಚ್ಚಿನವು ಆಪ್‌ಶಾಪ್ ಎಂದು ಕರೆಯುವ ಇಲ್ಲಿನ ಹಳೆ ಬಟ್ಟೆ ಅಂಗಡಿಗಳಿಂದ ತಂದವು. ಇನ್ನೂ ಆರು ಮಂದಿ ಕೇಳಿದ್ದಾರೆ, ಜರಿ ಮುಗಿದಿದೆ. ಆದ್ದರಿಂದ ಊರಿನಿಂದ ಹೊರಡುವವರ ಕೈಯಲ್ಲಿ ಚಟ್ನಿಪುಡಿಯ ಜೊತೆಗೆ, ಹರಿದು ಮೂಲೆ ಸೇರಿದ ಜರಿ ಸೀರೆಯ ಅಂಚು ಇದ್ದರೆ ಕಳಿಸಿಕೊಡಿ. ಒಗೆದು ಒಣಗಿಸಿ, ಮಡಿಕೆ ಬೀಳದಂತೆ ರಟ್ಟಿಗೆ ಸುತ್ತಿ. ಕಳಿಸುವ ಮುನ್ನ ಪಕ್ಕದ ಮನೆಯ ಎಲೆಕ್ಟ್ರಿಷಿಯನ್ ಹತ್ತಿರ ಮೀಟರ್ ಇದ್ದರೆ ಮುಟ್ಟಿಸಿ ನೋಡಿ. ಬ್ಯಾಟರಿ ಬೇಡ, ಅದು ಇಲ್ಲೇ ಸಿಗುತ್ತದೆ.